ಚೈನಿನ ಅಳತೆಗೆ ಕೂತ ನಾಲೊಂಗೊ

ನಮ್ಮ ಕಂಪಾಲಾದ ಕಡೆ ಅವಳಿ ಮಕ್ಕಳು ಹುಟ್ಟಿದರೆ ಅಪ್ಪ ಸಾಲೊಂಗೊ, ಅಮ್ಮ ನಾಲೊಂಗೊ. ಆಮೇಲೆ ಅವರ ಸ್ವಂತ ಹೆಸರು ಯಾರಿಗೂ ಬೇಕಾಗುವುದಿಲ್ಲ. ನನ್ನ ವೆಲ್ಡಿಂಗ್ ಅಂಗಡಿಯ ಪಕ್ಕದ ಮೆಕ್ಯಾನಿಕ್ ಸಾಲೊಂಗೊನ ಪಾಡೂ ಅದೇ. ಕಂಪಾಲಾದ ಬಾಡಿಗೆ ಬೈಕುಗಳನ್ನು ಮೂವತ್ತು ವರ್ಷ ಬಿಚ್ಚಿ ಜೋಡಿಸಿದ ಕೈ. ಪುಸ್ತಕ ನೋಡಿ ಕಲಿತವರನ್ನು ಕಂಡರೆ ಮೂಗಿನಲ್ಲೇ ನಗುತ್ತಿದ್ದ. ಚೈನಿನ ವಿಷಯದಲ್ಲಿ ಅವನದು ಎರಡೇ ಮಾತು: ತಂತಿಯ ಹಾಗೆ ಬಿಗಿಯಾಗಿರಬೇಕು, ಗ್ರೀಸಿನಲ್ಲಿ ಮುಳುಗಿರಬೇಕು. ಮೂರು ಜನ, ಮೇಲೊಂದು ಬಾಳೆಗೊನೆ ಹೊರುವ ಬೈಕುಗಳಿಗೆ ಅದು ಹೇಗೋ ನಡೆಯುತ್ತಿತ್ತು.

ನಡೆಯದೆ ಹೋದದ್ದು ಕಿಜ್ಜಾಳ ಬೈಕಿಗೆ. ಕಿಜ್ಜಾ ಅವನ ಅವಳಿಗಳ ಬೆನ್ನಿಗೆ ಹುಟ್ಟಿದ ಮಗಳು, ಹತ್ತು ವರ್ಷ. ಊರಾಚೆಯ ಕೆಂಪು ದಿಬ್ಬಗಳಲ್ಲಿ ಮಕ್ಕಳ ಬೈಕು ರೇಸು ನಡೆಸುವ ಕ್ಲಬ್ಬಿನವರು ಅವಳ ಧೈರ್ಯ ನೋಡಿ ಒಂದು ಹಳೆಯ ಮರಿಬೈಕು ಕೊಟ್ಟಿದ್ದರು. ಒಂದೇ ವರ್ಷದಲ್ಲಿ ಅದು ಮೂರು ಚೈನು ತಿಂದಿತು. ಹಲ್ಲುಚಕ್ರದ ಹಲ್ಲುಗಳು ಕುಡುಗೋಲಿನಂತೆ ಬಾಗಿದವು. ಪ್ರತಿ ಸಲವೂ ಸಾಲೊಂಗೊ ಇನ್ನಷ್ಟು ಬಿಗಿದ, ಇನ್ನಷ್ಟು ಗ್ರೀಸು ಮೆತ್ತಿದ. "ಇನ್ನೊಂದು ಸುತ್ತು ಬಿಗಿ ಮಾಡು" ಎಂದವರಲ್ಲಿ ನಾನೂ ಒಬ್ಬ, ಸುಳ್ಳೇಕೆ ಹೇಳಲಿ? ಕಡೆಗೆ ಕ್ಲಬ್ಬಿನವರು ಹೊಸ ಹಲ್ಲುಚಕ್ರವನ್ನೂ ನಾಲ್ಕನೆಯ ಚೈನನ್ನೂ ಕೈಗಿಟ್ಟು ಹೇಳಿದರು: ಭಾನುವಾರದ ಕೊನೆಯ ರೇಸಿನಲ್ಲಿ ಇದೂ ಹಾಳಾದರೆ ಬೈಕು ಬೇರೆ ಮಗುವಿಗೆ.

ಶನಿವಾರ ಮೈದಾನದಲ್ಲಿ ನನ್ನ ಕಣ್ಣೆದುರೇ ಸಾಲೊಂಗೊ ಚೈನು ಬಿಗಿದು, ಮಗಳಿಂದ ಒಂದು ಸುತ್ತು ಓಡಿಸಿ ನೋಡಿ, ಬೈಕನ್ನು ಬೇಲಿಗೆ ಒರಗಿಸಿ ಮತ್ತೆ ಗ್ರೀಸಿನ ಡಬ್ಬಿಗೆ ಕೈ ಹಾಕಿದ್ದ. ಅಲ್ಲೇ ಮೊಟ್ಟೆ ಸುತ್ತಿದ ಚಪಾತಿ ಮಾರುವ ನಾಲೊಂಗೊ, ಬೆಳಗ್ಗಿನಿಂದ ನಿಂತು ಕಾಲು ಸೋತು, ಬಂದವಳೇ ಬೈಕಿನ ಮೇಲೆ ಧೊಪ್ಪನೆ ಕೂತಳು. ನಾಲೊಂಗೊ ಅಂದರೆ ಸಣ್ಣ ತೂಕವಲ್ಲ. ಬೈಕಿನ ಹಿಂಬದಿ ಗೇಣುದ್ದ ಕುಸಿಯಿತು, ಚೈನು ಕಿರ್ರೆಂದಿತು.

"ಏಳಬೇಡ ಕಣೇ!" ಎಂದು ಸಾಲೊಂಗೊ ಕೂಗಿದ.

"ಎದ್ದೆ, ಎದ್ದೆ. ಮಗಳ ಬೈಕು ಮುರೀತು ಅಂತ ಬಾಯಿ ಮಾಡ್ಬೇಡಿ."

"ಏಳಬೇಡ ಅಂದೆ! ಇನ್ನೂ ಭಾರ ಬಿಡು."

"ಊರೋರೆಲ್ಲ ನೋಡ್ತವ್ರೆ ಸಾಲೊಂಗೊ! ನನ್ನ ಮೈ ನೋಡಿ ನಗೋಕೆ ಮನೇಲಿ ಜಾಗ ಇರ್ಲಿಲ್ವಾ ನಿಮ್ಗೆ?"

ಹೆಂಗಸರು ಗಂಡನೆದುರು ಮಂಡಿಯೂರಿ ಮಾತಾಡುವ ನಾಡು ನಮ್ಮದು. ಅಂಥಲ್ಲಿ ಸಾಲೊಂಗೊ ಹೆಂಡತಿಯ ಕಾಲ ಬಳಿ ಮಂಡಿಯೂರಿದ! ಚಪಾತಿ ತಿನ್ನುತ್ತಿದ್ದವರ ಬಾಯಿ ಅಲ್ಲೇ ನಿಂತಿತು. ಅವನು ಚೈನು ಮುಟ್ಟಿದ. ಕಬ್ಬಿಣದ ಸಲಾಕೆಯಷ್ಟು ಗಡಸು.

"ಖಾಲಿ ಬೈಕು ನೋಡಿ ಬಿಗೀತಿದ್ನಲ್ಲೋ," ಎಂದ ನನ್ನತ್ತ ತಿರುಗಿ. "ಬಾಡಿಗೆ ಬೈಕು ಇಷ್ಟು ಕುಸಿಯಲ್ಲ. ಇದು ನೆಗೆದು ಬಿದ್ದಾಗಲೆಲ್ಲ ಹೀಗೇ ಕುಸೀತದೆ, ಕುಸಿದಷ್ಟೂ ಚೈನು ಎಳೀತದೆ. ಬಿಗಿ ಚೈನು ತನ್ನನ್ನೂ ಹರ್ಕೊಂಡು ಹಲ್ಲನ್ನೂ ತಿಂತದೆ." ಗ್ರೀಸನ್ನು ಬೆರಳಲ್ಲಿ ತಿಕ್ಕಿದ. ಕೆಂಪು ಧೂಳು ಕೂಡಿ ಸಾಣೆ ಹಿಡಿಯುವ ಮಣ್ಣಿನ ಹಾಗೆ ಚರಚರ ಎಂದಿತು. ಸೀಮೆಎಣ್ಣೆಯೂ ಹಳೆಯ ಹಲ್ಲುಜ್ಜುವ ಬ್ರಷ್ಷೂ ತಂದ.

ಕಾಲು ಗಂಟೆ ನಾಲೊಂಗೊ ರಾಣಿಯಂತೆ ಕೂತಿದ್ದಳು. ಅವಳ ಭಾರದಲ್ಲಿಯೂ ಚೈನು ಒಂದು ಬೆರಳು ಆಡುವಂತೆ ಅವನು ಹಿಂದಿನ ಚಕ್ರವನ್ನು ಮುಂದೆ ಸರಿಸಿದ. ತಿಕ್ಕಿ ತೊಳೆದು, ತೆಳು ಎಣ್ಣೆ ಸವರಿ, ಒರೆಸಿದ. ಅವಳು ಎದ್ದದ್ದೇ ಚೈನು ಜೋತುಬಿತ್ತು.

"ಚೈನು ಹಾಕಿದ್ಯೋ, ಬಟ್ಟೆ ಒಣಗಿಸೋ ಹಗ್ಗ ಕಟ್ಟಿದ್ಯೋ?" ಎಂದೆ ನಾನು. ಎಲ್ಲರೂ ನಕ್ಕರು.

ಭಾನುವಾರ ಕಿಜ್ಜಾ ನೆಗೆದಾಗಲೆಲ್ಲ ಸಾಲೊಂಗೊ ಕಣ್ಣು ಮುಚ್ಚಿದ. ನಾಲೊಂಗೊಳ ಮೂರು ಚಪಾತಿ ಸೀದು ಹೋದವು. ಮಗಳು ಆರನೆಯವಳಾಗಿ ಬಂದು ಮುಖ ಊದಿಸಿಕೊಂಡು ನಿಂತಳು.

"ಆರೋ ಏಳೋ ಬಿಡು ಮಗಳೇ, ಹಲ್ಲು ನೋಡು, ಹಲ್ಲು!" ಎಂದು ಅವನು ಹಿಂದಿನ ಚಕ್ರವನ್ನು ತಬ್ಬಿಕೊಂಡ. ಒಂದು ಹಲ್ಲೂ ಬಾಗಿರಲಿಲ್ಲ. ಕ್ಲಬ್ಬಿನವರು ಚೈನು ಆಡಿಸಿ ನೋಡಿ, ಬೈಕು ಕಿಜ್ಜಾಳ ಬಳಿಯೇ ಇರಲಿ ಎಂದರು.

ಈಗ ಶನಿವಾರ ಬಂತೆಂದರೆ ಮಕ್ಕಳ ಅಪ್ಪಂದಿರು ಮರಿಬೈಕು ತಳ್ಳಿಕೊಂಡು ನಾಲೊಂಗೊಳ ಒಲೆಯ ಮುಂದೆ ಸಾಲು ನಿಲ್ಲುತ್ತಾರೆ. ಉಪಾಯ ತನ್ನದೆಂದು ಸಾಲೊಂಗೊ ಎದೆ ಉಬ್ಬಿಸುತ್ತಾನೆ. "ಕಂಡುಹಿಡಿದೋರು ಅವ್ರು, ಕೂತೋಳು ನಾನು" ಎನ್ನುತ್ತಾಳೆ ಅವಳು. ಅವಳನ್ನು ಬೈಕಿನ ಮೇಲೆ ಕೂರಿಸಬೇಕಾದವರು ಮೊದಲು ಮಂಡಿಯೂರಬೇಕು, ಅದು ಅವಳ ಕಟ್ಟಳೆ. ಮೊನ್ನೆ ಮೊಮ್ಮಗನ ಬೈಕು ತಳ್ಳಿಕೊಂಡು ಹೋಗಿ ನಾನೂ ಊರಿದೆ. ನನ್ನನ್ನು ಎಬ್ಬಿಸಲು ಇಬ್ಬರು ಬೇಕಾದರು.