ಬೇರಿಗೆ ಬೂಷ್ಟು ಸಾಕಿದ ನನ್ನ ನಾದಿನಿ

ನನ್ನ ನಾದಿನಿಯನ್ನು ಮನೆಯವರೆಲ್ಲ ಮೊಂಡಿ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರ ಮೇಲೆ ಸಿಟ್ಟೇನೂ ಇರಲಿಲ್ಲ. "ಮೊಂಡಿ ಆಗದೇ ಇದ್ದಿದ್ರೆ ಆ ಮನೇಲೇ ಕೊಳೀತಿದ್ದೆ ಅತ್ತಿಗೆ" ಎನ್ನುತ್ತಿದ್ದಳು. ಗಂಡನ ಮನೆಯಲ್ಲಿ ಎಲ್ಲರದೂ ಕೈ ಮುಂದು. ಒಂದು ದಿನ ಟ್ರಂಕು ಹಿಡಿದು ಬಂದವಳು ಮತ್ತೆ ಆ ಕಡೆ ತಲೆಹಾಕಲಿಲ್ಲ. ನರ್ಸರಿಯಲ್ಲಿ ದ್ರಾಕ್ಷಿ ಸಸಿಗೆ ಕಸಿ ಕಟ್ಟುವ ಕೆಲಸ ಹಿಡಿದಳು. ಅವಳ ಹೆಬ್ಬೆರಳ ತುಂಬ ಬ್ಲೇಡಿನ ಗೆರೆ.

ಮಾವನವರು ತೀರಿಹೋಗುವ ಮುಂಚೆ ತೋಟದ ಮೇಲಿನ ತುಂಡನ್ನು ಅವಳಿಗೆ ಕೊಟ್ಟಿದ್ದರು. ಬರೀ ಕಲ್ಲುಮಣ್ಣು, ಒಂದು ಮರದ ನೆರಳಿಲ್ಲ. ಮಧ್ಯಾಹ್ನ ಅಲ್ಲಿ ಬರಿಗಾಲಿಟ್ಟರೆ ಕಾವಲಿಯ ಮೇಲೆ ಇಟ್ಟ ಹಾಗೆ. ಎರಡು ಸಲ ಬಳ್ಳಿ ನೆಟ್ಟಳು. ಎರಡು ಸಲವೂ ಬೇಸಿಗೆ ತಿಂದುಹಾಕಿತು. ಅಲ್ಲಿನ ಕಂಬ, ತಂತಿ ನಮ್ಮ ಯಜಮಾನರು ಹಾಕಿಸಿಕೊಟ್ಟದ್ದು. ಅವರು ಕೆಟ್ಟವರಲ್ಲ, ಆದರೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ಇದೇ ಕೊನೆ ಕಣೇ. ಈ ಸಲಾನೂ ಒಣಗಿದ್ರೆ ಕಂಬ ಕಿತ್ತು ನನ್ನ ಸಾಲಿಗೆ ಹಾಕ್ಕೋತೀನಿ. ಈ ಮನೇಲಿ ನಿನಗೇನು ಕಡಿಮೆ ಆಗಿದೆ? ತಿಂದುಂಡು ಆರಾಮಾಗಿರು."

ಅವಳಿಗೆ ಬೇಡವಾಗಿದ್ದೇ ಅದು. ಅಣ್ಣ ಎಷ್ಟೇ ಅಕ್ಕರೆಯಿಂದ ಬಡಿಸಿದರೂ ಅದು ಅಣ್ಣನ ಒಲೆಯದು. ತನ್ನ ಒಲೆ ಹೊತ್ತಿಸಬೇಕೆಂದರೆ ಆ ತುಂಡು ಫಲ ಕೊಡಬೇಕು.

ನರ್ಸರಿಗೆ ಕೃಷಿ ಕಾಲೇಜಿನ ಮೇಡಂ ಒಬ್ಬರು ಬಂದುಹೋಗುತ್ತಿದ್ದರು. ಅವರಿಂದ ಒಂದು ಪೊಟ್ಟಣ ಮಣ್ಣು ತಂದಳು. ಅಂಗಳದಲ್ಲಿ ಕುಂಡಗಳನ್ನಿಟ್ಟು, ಆ ಮಣ್ಣು ಬೆರೆಸಿ, ಮೆಕ್ಕೆಜೋಳ ಬಿತ್ತಿದಳು. ಪೈರು ಎದೆಯೆತ್ತರ ಬಂದದ್ದೇ ನೀರು ನಿಲ್ಲಿಸಿಬಿಟ್ಟಳು.

"ಅಯ್ಯೋ, ಬೆಳೆದಿದ್ದನ್ನ ಸಾಯಿಸ್ತೀಯಲ್ಲೇ!" ಎಂದೆ.

"ನನಗೆ ಜೋಳ ಬೇಡ ಅತ್ತಿಗೆ, ಆ ಮಣ್ಣಿಂದ ಅದರ ಬೇರಿಗೆ ಹತ್ತಿರೋ ಬೂಷ್ಟು ಬೇಕು. ಒಣಗಿಸಿದ್ರೆ ಅದು ಬೀಜ ಕಟ್ಟುತ್ತೆ. ಬೂಷ್ಟು ಅಂದ್ರೆ ಎಲ್ಲಾ ಕೆಟ್ಟದ್ದಲ್ಲ. ಇದು ಕೂದಲಿಗಿಂತ ಸಣ್ಣ ಎಳೆ. ಬಳ್ಳಿ ಬೇರು ಹೋಗಲಾರದ ಸಂದಿಗೂ ನುಗ್ಗಿ ನೀರು ತಂದುಕೊಡುತ್ತಂತೆ. ಬಳ್ಳಿ ಅದಕ್ಕೆ ಸಿಹಿ ಉಣಿಸುತ್ತಂತೆ."

"ಎಲ್ಲಿ, ತೋರಿಸು."

"ಬರೀ ಕಣ್ಣಿಗೆ ಕಾಣಲ್ಲ."

ಯಜಮಾನರು ಜಗಲಿಯಿಂದಲೇ ನಕ್ಕರು. "ಬೂಷ್ಟು ಕೊಲ್ಲೋಕೆ ಔಷಧಿ ಹೊತ್ತೂ ಹೊತ್ತೂ ನನ್ನ ಬೆನ್ನು ಗೂನಾಯ್ತು. ಇವಳು ಬೂಷ್ಟು ಸಾಕ್ತಾಳಂತೆ! ನಾಳೆ ಇಲಿ ಸಾಕು, ಕಣಜ ಕಾಯುತ್ತೆ."

ಅವರ ಮಾತಿನಲ್ಲಿ ಅರ್ಥ ಇಲ್ಲದೆ ಇರಲಿಲ್ಲ. ದ್ರಾಕ್ಷಿಯವರಿಗೆ ಬೂಷ್ಟೇ ಹುಟ್ಟು ಶತ್ರು. ಎಲೆಗೆ ಬೂದಿ ಹಿಡಿದಂತಾದರೆ, ಗೊನೆ ಕೊಳೆತರೆ, ಅದರದೇ ಕೆಲಸ. ಆದರೆ ಮೊಂಡಿ ಹಿಡಿದ ಮೊಲಕ್ಕೆ ಮೂರೇ ಕಾಲು. ಜೋಳದ ಬೇರನ್ನು ಸಣ್ಣಗೆ ಕೊಚ್ಚಿ, ಅದೇ ಮಣ್ಣಿನ ಜೊತೆ ಮೇಲಿನ ತುಂಡಿನಲ್ಲಿ ಗುಂಡಿಗೊಂದು ಹಿಡಿ ಹಾಕಿ ದ್ರಾಕ್ಷಿ ಸಸಿ ನೆಟ್ಟಳು.

ಸಸಿ ಚೆನ್ನಾಗಿ ಹತ್ತಿಕೊಂಡಿತು. ಕಸಿಯ ಕಾಲ ಬಂತೆಂದು ಅವಳು ನರ್ಸರಿಯಲ್ಲೇ ಉಳಿಯಲು ಹೋದಳು. ಆಗಲೇ ಅನಾಹುತವಾದದ್ದು. ಯಜಮಾನರು ತಮ್ಮ ಬಳ್ಳಿಗೆ ಔಷಧಿ ಹೊಡೆದು ಮುಗಿಸಿದಾಗ ಡ್ರಮ್ಮಿನಲ್ಲಿ ಮಿಕ್ಕಿತ್ತು. ಪಾಪ, ತಂಗಿಯ ಸಸಿಗೂ ಒಳ್ಳೆಯದಾಗಲಿ ಎಂದು ಹೊತ್ತುಕೊಂಡು ಹೋಗಿ ಬುಡಕ್ಕೇ ಸುರಿದರು. ಅರ್ಧ ತುಂಡಿಗೆ ಆಗುವಷ್ಟರಲ್ಲಿ ಖಾಲಿಯಾಯಿತು. ಬೂಷ್ಟು ಕೊಲ್ಲುವ ಔಷಧಿ! ಮಾಡಿದ್ದು ಉಪಕಾರವೆಂದೇ ನಂಬಿದ್ದರು.

ಅವಳು ಬಂದವಳೇ ಮಣ್ಣು ಮೂಸಿ ನೋಡಿ ಅಣ್ಣನ ಕಡೆ ತಿರುಗಿದಳು.

"ಅಣ್ಣಾ, ನೀನಾ?"

"ಮಿಕ್ಕಿತ್ತು, ಹಾಕಿದೆ. ಅದಕ್ಯಾಕೆ ಸತ್ತೋರ ಮನೆ ಮುಖ ಮಾಡ್ತೀಯಾ?"

"ಕರೆದು ತಂದ ನೆಂಟರಿಗೆ ವಿಷ ಉಣಿಸಿದ್ಯಲ್ಲೋ!"

ಆ ರಾತ್ರಿ ಅವಳು ಉಣ್ಣಲಿಲ್ಲ.

ಆ ವರ್ಷದ ಬಿಸಿಲು ಈಗಲೂ ನನ್ನ ಕಣ್ಣ ಮುಂದಿದೆ. ಹಕ್ಕಿಗಳು ಬಾಯಿ ಬಿಟ್ಟುಕೊಂಡು ತಂತಿಯ ಮೇಲೆ ಕೂತಿರುತ್ತಿದ್ದವು. ಮಧ್ಯಾಹ್ನ ಎರಡು ಅರ್ಧದ ಸಸಿಗಳೂ ತಲೆ ಬಾಗಿಸುತ್ತಿದ್ದವು. ಸಂಜೆಯಾದರೆ ಔಷಧಿ ಬೀಳದ ಕಡೆಯವು ನಿದ್ದೆ ಮುಗಿಸಿ ಎದ್ದ ಮಕ್ಕಳಂತೆ ಎಲೆ ನಿಮಿರಿಸುತ್ತಿದ್ದವು. ಔಷಧಿ ಬಿದ್ದ ಕಡೆಯವು ಬೆಳಗಾದರೂ ಏಳುತ್ತಿರಲಿಲ್ಲ, ಅಂಚು ಸುಟ್ಟು ಕಾಗದದಂತೆ ಮುರಿಯುತ್ತಿದ್ದವು. ನೀರು ಎರಡೂ ಕಡೆ ಅದೇ, ಅಷ್ಟೇ.

ನಮ್ಮ ಯಜಮಾನರು ದಿನಾ ಸಂಜೆ ಹೋಗಿ ನಡುವೆ ನಿಂತು ಆ ಕಡೆ ಈ ಕಡೆ ನೋಡಿ ಬರುತ್ತಿದ್ದರು. ಒಂದು ಸಂಜೆ ತಂಗಿಯ ಮುಂದೆ ಬುಟ್ಟಿ ಇಟ್ಟು ಕೇಳಿದರು, "ಆ ಜೋಳದ ಬೇರು ಇನ್ನೂ ಇದೆಯೇನೇ?"

"ಯಾಕೆ, ಇಲಿಗೆ ಹಾಕೋಕಾ?"

"ಬಾಯಿ ಮುಚ್ಕೊಂಡು ಕೊಡೇ."

ಒಂದು ಕುಂಡದ್ದು ಉಳಿದಿತ್ತು. ಅಷ್ಟರಲ್ಲಿ ಔಷಧಿಯ ಕಾವೂ ಇಳಿದಿರಬಹುದೆಂದು ಮೇಡಂ ಹೇಳಿದ್ದರಂತೆ. ಇನ್ನೂ ಜೀವವಿದ್ದ ಸಸಿಗಳ ಪಕ್ಕ ಅವರು ಮಂಡಿಯೂರಿ ಗೂಟದಲ್ಲಿ ತೂತು ಮಾಡುವುದು, ಇವಳು ಹಿಡಿ ಹಾಕಿ ಮುಚ್ಚುವುದು. ಸಾಲಿನುದ್ದಕ್ಕೂ ಜಗಳ. "ಆಳ ಸಾಲದು." "ನನಗೆ ಹೇಳಿಕೊಡಬೇಡ." ನಾನು ಚೊಂಬಿನಲ್ಲಿ ನೀರು ಹಿಡಿದುಕೊಂಡು ಹಿಂದೆ ಹಿಂದೆ.

ಎಲ್ಲವೂ ಬದುಕಿದವು ಎಂದರೆ ಸುಳ್ಳಾದೀತು. ಔಷಧಿ ಬಿದ್ದ ಅರ್ಧದಲ್ಲಿ ಬಹುಪಾಲು ಹೋದವು, ಕೆಲವು ಮಾತ್ರ ತಡವಾಗಿ ಚಿಗುರಿದವು. ಆದರೆ ಇನ್ನರ್ಧ ಪೂರ್ತಿ ನಿಂತಿತು. ಬೇಸಿಗೆ ಕಳೆದ ಮೇಲೆ ಯಜಮಾನರು ಸುತ್ತಿಗೆ ಹಿಡಿದು ಮೇಲಿನ ತುಂಡಿಗೆ ಹೊರಟಾಗ ಕಂಬ ಕೀಳಲೇ ಹೊರಟರು ಎಂದುಕೊಂಡೆ. ಓಡಿಹೋಗಿ ನೋಡುತ್ತೇನೆ, ವಾಲಿದ ಕಂಬಗಳನ್ನು ನೆಟ್ಟಗೆ ಮಾಡಿ ಬುಡಕ್ಕೆ ಕಲ್ಲು ಜಡಿಯುತ್ತಿದ್ದಾರೆ.

ಮೊದಲ ಗೊನೆ ಮಾರಿದ ವರ್ಷ ಅವಳು ಅಲ್ಲೇ ಒಂದು ಕೋಣೆ ಎಬ್ಬಿಸಿದಳು. ಒಲೆ ಹೂಡಿದ ದಿನ ನಮ್ಮಿಬ್ಬರನ್ನೂ ಕರೆದಳು. ಅಣ್ಣ ತಟ್ಟೆಯ ಮುಂದೆ ಕೂತು, "ಉಪ್ಪು ಕಡಿಮೆ" ಎಂದರು.

"ನನ್ನ ಮನೇಲಿ ಇಷ್ಟೇ. ಬೇಕಾದ್ರೆ ಉಣ್ಣು," ಎಂದು ಇನ್ನೊಂದು ಸೌಟು ಬಡಿಸಿದಳು.