ಏಳು ಅಲ್ಪಾಕಾಗಳಿಗೆ ನೀರೆರೆದ ಕಥೆ

ಲಂಡನ್ನಿಗೆ ಹೊರಟಾಗ ನನಗೆ ಹಲವರು ಹಲವು ಎಚ್ಚರಿಕೆ ಹೇಳಿ ಕಳಿಸಿದ್ದರು. ಚಳಿ ಮೂಳೆಗೆ ಇಳಿಯುತ್ತದೆ, ಯಾರೂ ಮಾತಾಡಿಸುವುದಿಲ್ಲ, ಬಣ್ಣ ನೋಡಿ ಮುಖಕ್ಕೆ ಉಗುಳುವವರೂ ಇದ್ದಾರೆ. ಮೊದಲಿನ ಎರಡು ನಿಜವಾದವು. ಮೂರನೆಯದೂ ನಿಜವಾಯಿತು, ಆದರೆ ಉಗುಳಿದ್ದು ಮನುಷ್ಯರಲ್ಲ. ಬಂದ ಒಂಬತ್ತನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ನಗರದ ಪಶ್ಚಿಮದ ಅಂಚಿನಲ್ಲಿ, ಮರದ ಗೇಟೊಂದನ್ನು ತೆಗೆದು ಒಳಗೆ ಕಾಲಿಟ್ಟೆ. ಕುರಿಯ ಮೈಗೆ ಒಂಟೆಯ ಕುತ್ತಿಗೆ ಜೋಡಿಸಿದಂಥ ಏಳು ಪ್ರಾಣಿಗಳು ಒಟ್ಟಿಗೆ ತಲೆಯೆತ್ತಿ ನೋಡಿದವು. ಮರುಕ್ಷಣವೇ ಹುಳಿ ನಾತದ ಹಸಿರು ರಸ ನನ್ನ ಕೆನ್ನೆಯಿಂದ ಯೂನಿಫಾರ್ಮಿನ ಮೇಲೆ ಇಳಿಯುತ್ತಿತ್ತು.

ಬಾಗಿಲಲ್ಲಿ ವಾಕರ್ ಹಿಡಿದು ನಿಂತಿದ್ದ ಮುದುಕಿಯೊಬ್ಬರು, ಅದು ನಿನಗಲ್ಲ, ತನ್ನ ಪಕ್ಕದ ಅಲ್ಪಾಕಾಗೆ ಉಗುಳಿದ್ದು, ನೀನು ನಡುವೆ ಬಂದೆ ಎಂದು ಸಮಾಧಾನ ಹೇಳಿ ಟವೆಲ್ ಕೊಟ್ಟರು. ಅವರೇ ಮಾರ್ಗರೆಟ್. ಸೊಂಟದ ಆಪರೇಷನ್ ಆಗಿತ್ತು. ಅವರಿಗೆ ಸ್ನಾನ, ತಿಂಡಿ, ಔಷಧಿ ನೋಡಿಕೊಳ್ಳಲು ಏಜೆನ್ಸಿಯವರು ಕಳಿಸಿದ್ದ ಕೇರರ್ ನಾನು. ಎಂಬತ್ತರ ಹೆಂಗಸನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆಯೇ ಏಳಲಿಲ್ಲ. ಮೇಡಂ ಎಂದರೆ ಸಿಟ್ಟಾಗುತ್ತಿದ್ದರು. ಒಂದು ವಾರ ಯಾವ ಹೆಸರಿನಿಂದಲೂ ಕರೆಯದೆ, ಎದುರಿಗೆ ಹೋಗಿ ನಿಂತೇ ಮಾತಾಡಿದೆ.

ನಾನು ಅಥಣಿ ಕಡೆಯ ರೇಣುಕಾ. ಗಂಡ ಬಸವರಾಜ ಇಲ್ಲಿ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗಳು ಸಿರಿ. ಆಗ ನಮ್ಮ ಸಂಸಾರವೆಲ್ಲ ವೆಂಬ್ಲಿಯ ಐದನೆಯ ಮಹಡಿಯ ಫ್ಲ್ಯಾಟಿನಲ್ಲಿತ್ತು. ಈಲಿಂಗ್ ರೋಡಿಗೆ ನಡೆದು ಹೋದರೆ ಜೋಳದ ಹಿಟ್ಟು, ಕರಿಬೇವು, ಹಸಿಮೆಣಸಿನಕಾಯಿ ಎಲ್ಲ ಸಿಗುತ್ತಿದ್ದವು. ಮಾತಾಡಲು ಜನ ಮಾತ್ರ ಸಿಗುತ್ತಿರಲಿಲ್ಲ. ಒಂದು ಭಾನುವಾರ ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಫ್ಲ್ಯಾಟಿನವನು ಬಂದು, ಯಾವ ರಿಪೇರಿ ನಡೆದಿದೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬಹಳ ಮರ್ಯಾದೆಯಿಂದ ಕೇಳಿದ. ಆರು ರೊಟ್ಟಿ ಉಳಿದಿವೆ ಎಂದು ಹೇಳುವುದು ಹೇಗೆ? ಅಂದಿನಿಂದ ಲಟ್ಟಣಿಗೆಯಲ್ಲಿ ಒತ್ತಿದ ಚಪಾತಿಯೇ ಗತಿಯಾಯಿತು. ನಮ್ಮೂರಿನಲ್ಲಿ ರೊಟ್ಟಿ ಸದ್ದು ಕೇಳದಿದ್ದರೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇನೋ ಎಂದು ನೆರೆಯವರು ಇಣುಕುತ್ತಾರೆ.

ಅಂಥ ದಿನಗಳಲ್ಲಿ ನನಗೆ ಈ ಏಳು ಅಲ್ಪಾಕಾಗಳು ಸಿಕ್ಕವು. ನಮ್ಮದು ಕುರಿ ಕಾಯುವ ಮನೆತನ. ನಾನು ಬೆಳಗಾವಿಗೆ ಕಾಲೇಜಿಗೆ ಹೋಗುವಾಗ ಅಪ್ಪ ಹಿಂಡನ್ನೇ ಮಾರಿದ. ಮಗಳ ಮೈಗೆ ಕುರಿಯ ನಾತ ಹತ್ತಬಾರದು, ಫ್ಯಾನಿನ ಕೆಳಗೆ ಕೂತು ಕೆಲಸ ಮಾಡಬೇಕು ಎಂಬುದು ಅವನ ಆಸೆ. ಆದರೆ ಕಣ್ಣಿಗೆ ಕಲಿಸಿದ್ದು ಎಲ್ಲಿ ಹೋಗುತ್ತದೆ? ಕಿವಿ ಜೋತುಬಿದ್ದದ್ದು ಯಾವುದು, ಹಿಂಗಾಲು ಎಳೆದು ನಡೆಯುವುದು ಯಾವುದು, ಮೇವು ಬಿಟ್ಟು ಮೂಲೆಗೆ ನಿಂತದ್ದು ಯಾವುದು ಎಂದು ಗೇಟಿನಿಂದ ಮನೆ ಬಾಗಿಲಿಗೆ ಹೋಗುವುದರೊಳಗೆ ನೋಡಿಬಿಡುತ್ತಿದ್ದೆ. ಮೂರನೆಯ ವಾರ ಮಾರ್ಗರೆಟ್‌ಗೆ ಗಂಜಿ ಕೊಡುತ್ತ, ನೆಲ್ಲಿ ಎಂಬ ಆ ಕಂದು ಅಲ್ಪಾಕಾದ ಉಗುರು ಬೆಳೆದು ಒಳಗೆ ಚುಚ್ಚುತ್ತಿದೆ ಎಂದೆ. ಅವರು ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು.

ನನ್ನ ಡ್ಯೂಟಿ ಆರು ವಾರಕ್ಕೆ ಮುಗಿಯಿತು. ಏಳನೆಯ ವಾರ ಅವರೇ ಫೋನ್ ಮಾಡಿ, ಭಾನುವಾರ ಮಗಳನ್ನೂ ಕರೆದುಕೊಂಡು ಬಾ ಎಂದರು. ವೆಂಬ್ಲಿಯಿಂದ ಮೆಟ್ರೊಪಾಲಿಟನ್ ಲೈನಿನಲ್ಲಿ ಅಕ್ಸ್‌ಬ್ರಿಜ್ ತನಕ ಟ್ಯೂಬ್, ಅಲ್ಲಿಂದ ಬಸ್ಸು, ಆಮೇಲೆ ನಡಿಗೆ. ಎರಡು ವರ್ಷ ಪ್ರತಿ ಭಾನುವಾರ ಹೋದೆವು. ಅಲ್ಪಾಕಾಗಳು ಕೂಗುವುದಿಲ್ಲ. ಕಥೆ ಕೇಳುವ ಮಕ್ಕಳ ಹಾಗೆ ಸುಮ್ಮನೆ ಹೂಂಗುಡುತ್ತವೆ. ನಾನು ಕನ್ನಡದಲ್ಲಿ ಏನೇನೋ ಹೇಳಿಕೊಳ್ಳುತ್ತಿದ್ದೆ, ಅವು ಹೂಂ ಹೂಂ ಎನ್ನುತ್ತಿದ್ದವು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸಿರಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳಿಗಿಂತ ಇವೇ ವಾಸಿ ಎಂದು ಅವಳೆದುರಿಗೇ ಹೇಳಿದ್ದೇನೆ.

ಟೂಟಿಂಗಿನಲ್ಲಿ ಯುಗಾದಿಗೆ ಕನ್ನಡದವರು ಸೇರಿದ್ದಾಗ ಈ ಸುದ್ದಿ ಹೇಳಿಕೊಂಡು ಉಬ್ಬಿದೆ. ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಸುಮಾ ನಗುತ್ತಲೇ, ಅಷ್ಟು ದೂರದಿಂದ ಬಂದು ಇಲ್ಲೂ ಕುರಿ ಕಾಯೋದಾ ರೇಣುಕಾ ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂದಿರುಗುವಾಗ ಟ್ಯೂಬಿನಲ್ಲಿ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಅವನಿಗೆ ನಾನು ಇನ್ನೂ ಏನೂ ಹೇಳಿರಲಿಲ್ಲ.

ಮೂರನೆಯ ವರ್ಷದ ವಸಂತದಲ್ಲಿ ಮಾರ್ಗರೆಟ್ ಒಂದು ವಿಷಯ ತೆಗೆದರು. ಅವರ ಮಗಳು ಸಮುದ್ರದ ಕಡೆಯ ಊರಿನಲ್ಲಿದ್ದಾಳೆ, ತಾವು ಇನ್ನು ಅವಳ ಮನೆಗೆ ಹೋಗಿ ಇರಬೇಕಾಗಿದೆ. ಅಲ್ಪಾಕಾಗಳನ್ನೂ ಹುಲ್ಲುಗಾವಲನ್ನೂ ಯಾರಿಗಾದರೂ ವಹಿಸಬೇಕು. ಕೇಳಿದವರು ಇಬ್ಬರು. ಒಬ್ಬರು ಮದುವೆ ಮಂಟಪ ನಡೆಸುವ ದಂಪತಿ. ಅಲ್ಪಾಕಾಗಳ ಕೊರಳಿಗೆ ರಿಬ್ಬನ್ ಬೋ ಕಟ್ಟಿ ಮದುಮಕ್ಕಳ ಜೊತೆ ಫೋಟೋ ತೆಗೆಸುವ ವ್ಯವಹಾರ ಅವರದು. ಇನ್ನೊಬ್ಬರು ನಾವು. ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸುವ ದಿನವನ್ನು ನೀನೇ ನಡೆಸು, ಅದು ಹೇಗೆ ಆಗುತ್ತದೋ ನೋಡಿ ತೀರ್ಮಾನ ಹೇಳುತ್ತೇನೆ ಎಂದರು. ಜೀವನದಲ್ಲಿ ಯಾವ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಆ ಏಳು ಜೀವಗಳು ನನಗೆ ಬೇಕಿದ್ದವು, ಅಷ್ಟೆ.

ಇಲ್ಲಿ ಉಣ್ಣೆ ಕತ್ತರಿಸುವವನು ವರ್ಷಕ್ಕೆ ಒಂದೇ ಸಲ ಬರುತ್ತಾನೆ. ಅವನ ಹೆಸರು ಕೀತ್. ದಕ್ಷಿಣದಿಂದ ಉತ್ತರಕ್ಕೆ ಊರೂರು ಸುತ್ತುತ್ತಾ ಹೋಗುತ್ತಾನೆ. ಅವನು ಬರುವ ಹಿಂದಿನ ದಿನ ಮಾರ್ಗರೆಟ್ ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದರು. ಹುಲ್ಲುಗಾವಲಲ್ಲಿ ಅಲ್ಪಾಕಾಗಳು ಎಂದಿನಂತೆ ಧೂಳಿನಲ್ಲಿ ಹೊರಳಾಡಿ ಎದ್ದು ನಿಂತಿದ್ದವು. ಅವನ್ನು ನೋಡಿ ನನಗೆ ನಾಚಿಕೆಯಾಯಿತು. ನಮ್ಮಲ್ಲಿ ಕತ್ತರಿ ಹಾಕುವ ಮುಂಚೆ ಕುರಿಗಳನ್ನು ಹಳ್ಳಕ್ಕೆ ಇಳಿಸಿ, ಸೊಂಟದ ಮಟ್ಟದ ನೀರಿನಲ್ಲಿ ಉಜ್ಜಿ ತೊಳೆಯುತ್ತಾರೆ. ತೊಳೆಯದ ಉಣ್ಣೆ ತಂದರೆ ಕಂಬಳಿ ನೇಯುವವರು ಮುಖ ತಿರುಗಿಸುತ್ತಿದ್ದರು. ಆ ದಿನ ಅಪ್ಪನ ಜೊತೆ ನಾನೂ ಹಳ್ಳಕ್ಕೆ ಇಳಿಯುತ್ತಿದ್ದೆ. ಬಿಸಿಲಿಗೆ ಬಿಟ್ಟರೆ ಊಟದ ಹೊತ್ತಿಗೆ ಕುರಿ ಒಣಗಿ ಗರಿಗರಿ ಆಗುತ್ತಿತ್ತು.

ನಾನೂ ಸಿರಿಯೂ ಪೈಪು ಜೋಡಿಸಿಕೊಂಡು, ಮಕ್ಕಳ ಶಾಂಪೂ ಹಚ್ಚಿ, ಮಧ್ಯಾಹ್ನವೆಲ್ಲ ಏಳಕ್ಕೂ ನೀರೆರೆದೆವು. ಒದ್ದೆಯಾದ ಮೇಲೆ ಅವು ಅರ್ಧಕ್ಕರ್ಧ ಸಣ್ಣವಾಗಿ, ಕಾಲು ಕುತ್ತಿಗೆ ಮಾತ್ರ ಉಳಿದವು. ಸಿರಿ ಬಿದ್ದು ಬಿದ್ದು ನಕ್ಕಳು. ಸಂಜೆ ಹೊತ್ತಿಗೆ ಹೊರಗಿನ ಎಳೆಗಳು ಬೆಣ್ಣೆಯ ಹಾಗೆ ಹೊಳೆಯುತ್ತಿದ್ದವು. ಮದುವಣಗಿತ್ತಿಯರನ್ನು ಸಿಂಗರಿಸಿ ಕೂರಿಸಿದಷ್ಟು ಖುಷಿ ನನಗೆ.

ಮರುದಿನ ಕೀತ್ ಬಂದವನೇ ಸಾಲಿನ ಮೊದಲನೆಯವನಾದ ಬಿಸ್ಕೆಟ್ ಎಂಬ ಅಲ್ಪಾಕಾದ ಉಣ್ಣೆಯೊಳಗೆ ಚರ್ಮ ಮುಟ್ಟುವವರೆಗೆ ಬೆರಳು ಇಳಿಸಿದ. ಹೊರಗೆ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಇವನ್ನು ತೊಳೆದವರು ಯಾರು ಎಂದು ಕೇಳಿದ. ಹೊಗಳಿಕೆಗೆ ಕಾಯುತ್ತಿದ್ದ ನಾನು, ಎಲ್ಲವನ್ನೂ ನಾನೇ ತೊಳೆದೆ ಎಂದೆ. ಅವನು ಉಣ್ಣೆ ಕತ್ತರಿಸುವ ಮೆಷಿನಿನ ಪೆಟ್ಟಿಗೆಯನ್ನು ಮುಚ್ಚಿಬಿಟ್ಟ.

ಆಮೇಲಿನದನ್ನು ಅವನು ಹೇಳಿದ್ದು ನನಗಲ್ಲ, ಮಾರ್ಗರೆಟ್‌ಗೆ. ಅಲ್ಪಾಕಾದ ಉಣ್ಣೆ ಬಹಳ ದಟ್ಟ. ಒಳಗೆ ನೀರು ಇಳಿದರೆ ದಿನಗಟ್ಟಲೆ ಆರುವುದಿಲ್ಲ. ಒದ್ದೆ ಉಣ್ಣೆಯ ಮೇಲೆ ಮೆಷಿನ್ ಓಡದು, ಓಡಿದರೂ ಚೀಲದಲ್ಲಿ ಬೂಸಲು ಬರುತ್ತದೆ. ಇವನ್ನು ಯಾರೂ ತೊಳೆಯುವುದೇ ಇಲ್ಲ. ತನ್ನ ಸುತ್ತು ಮುಗಿಸಿ ಮತ್ತೆ ಈ ಕಡೆ ಬರಲು ಐದು ವಾರ ಬೇಕು. ವಾರದ ಕೊನೆಗೆ ಸೆಕೆ ಬರಲಿದೆ, ವರ್ಷದ ಉಣ್ಣೆ ಹೊತ್ತು ಇವು ಸೆಕೆಗೆ ಕುಸಿದು ಬಿದ್ದಾವು. ಇಷ್ಟು ಹೇಳಿ ವ್ಯಾನು ಹತ್ತಿ ಹೋದ. ಮಾರ್ಗರೆಟ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಕುರಿಯವರ ಮನೆಯಲ್ಲಿ ಹುಟ್ಟಿಯೂ ಪ್ರಾಣಿಗಳನ್ನು ಆಪತ್ತಿಗೆ ದೂಡಿದ್ದೆ.

ಅಂದಿನಿಂದ ಮೂರು ದಿನ ಶೆಡ್ಡೇ ನನ್ನ ಮನೆ. ಒಂದು ಹನಿ ಮಳೆ ಬೀಳಬಾರದೆಂದು ಏಳನ್ನೂ ಒಳಗೆ ಕಟ್ಟಿ, ಹುಲ್ಲು ಹೊತ್ತು ತಂದು ಹಾಕಿದೆ. ಬೆರಳಿನಿಂದ ಉಣ್ಣೆಯನ್ನು ಬೈತಲೆ ತೆಗೆದಂತೆ ಬಿಡಿಸಿ ಗಾಳಿಗೆ ಹಿಡಿದೆ. ಬಸವರಾಜ ಗೆಳೆಯರಿಗೆಲ್ಲ ಫೋನ್ ಮಾಡಿ ಟೇಬಲ್ ಫ್ಯಾನ್ ಕೂಡಿಸಿದರು. ಎರಡನೆಯ ದಿನ ಎರಡು ಫ್ಯಾನ್ ಹಿಡಿದು ಬಸ್ಸಿನಿಂದ ಇಳಿದವಳು ಸುಮಾ. ಆಫೀಸಿಗೆ ರಜೆ ಹಾಕಿ ಬಂದಿದ್ದಳು. ಕುರಿಯ ಮಾತು ಎತ್ತಲಿಲ್ಲ, ತೋಳು ಮಡಚಿ ನೆಲ್ಲಿಯ ಪಕ್ಕದಲ್ಲಿ ಕೂತು ಉಣ್ಣೆ ಬಿಡಿಸಿದಳು. ಅವಳ ಋಣ ನನ್ನ ಮೇಲಿದೆ.

ಮೂರನೆಯ ದಿನ ಮಾರ್ಗರೆಟ್ ಕೋಲೂರಿಕೊಂಡು ಶೆಡ್ಡಿಗೆ ಬಂದರು. ಮಗಚಿಟ್ಟ ಬಕೆಟ್ಟಿನ ಮೇಲೆ ಕೂತು ಸಾಲಾಗಿ ತಿರುಗುತ್ತಿದ್ದ ಫ್ಯಾನುಗಳನ್ನು ನೋಡಿದರು. ಭುಜ ಅಲುಗತೊಡಗಿದ್ದು ಕಂಡು ಅಳುತ್ತಿದ್ದಾರೆಂದು ಗಾಬರಿಯಾದೆ. ಅವರು ನಗುತ್ತಿದ್ದರು. ಇವಕ್ಕೆ ಹುಟ್ಟಿದಾಗಿನಿಂದ ಯಾರೂ ಶಾಂಪೂ ಹಾಕಿರಲಿಲ್ಲ ಎಂದು ಕಣ್ಣೊರೆಸಿಕೊಂಡರು. ಕೀತ್‌ಗೆ ಫೋನ್ ಮಾಡಿದ್ದಾರಂತೆ. ಶುಕ್ರವಾರ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಬರುತ್ತಾನೆ, ಚರ್ಮದವರೆಗೆ ಒಣಗಿದ್ದರೆ ಮಾತ್ರ ಮೆಷಿನ್ ತೆಗೆಯುತ್ತಾನೆ.

ಶುಕ್ರವಾರ ಅವನು ಏಳಕ್ಕೂ ಬೆರಳು ಇಳಿಸಿ ನೋಡಿದ. ಕೊನೆಗೆ ತಲೆಯಾಡಿಸಿ ಪೆಟ್ಟಿಗೆ ತೆರೆದ. ನಾನು ಒಂದೊಂದರ ತಲೆ ಹಿಡಿದು ಕೂತೆ, ಅವನು ಕತ್ತರಿಸಿದ. ಅಷ್ಟು ಸ್ವಚ್ಛ ಉಣ್ಣೆಯನ್ನು ತಾನು ನೋಡಿಯೇ ಇಲ್ಲ ಎಂದು ಹೊರಡುವಾಗ ಗೊಣಗಿದ್ದನ್ನು ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡೆ. ಗೇಟಿನ ಹತ್ತಿರ ಅವನೂ ಮಾರ್ಗರೆಟ್ಟೂ ಏನೋ ಮಾತಾಡಿದರು. ಅವನನ್ನು ಕಳಿಸಿ ಅವರು ಹಿಂತಿರುಗಿ ಬಂದಾಗ ನಾನು ಕಸ ಗುಡಿಸುತ್ತಿದ್ದೆ.

"ಮುಂದಿನ ವರ್ಷ ಯಾರಿಗೆ ಫೋನ್ ಮಾಡಲಿ ಅಂತ ಕೇಳಿದ," ಎಂದರು. "ನಿನ್ನ ನಂಬರ್ ಕೊಟ್ಟೆ."

ಕಸಬರಿಗೆ ಹಿಡಿದುಕೊಂಡೇ ಅತ್ತೆ. ಮಾರ್ಗರೆಟ್ ಎಂದು ಅವರ ಹೆಸರು ಹಿಡಿದು ಕರೆದದ್ದು ಅವತ್ತೇ ಮೊದಲು.

ಈಗ ಅವರ ಮನೆಯಲ್ಲಿ ನಾವು ಬಾಡಿಗೆಗಿದ್ದೇವೆ. ಅಡಿಗೆಮನೆಯ ಕೆಳಗೆ ಮಣ್ಣು ಬಿಟ್ಟರೆ ಯಾರೂ ಇಲ್ಲ, ರೊಟ್ಟಿಯನ್ನು ಮನಸಾರೆ ಬಡಿಯುತ್ತೇನೆ. ಉಣ್ಣೆಯನ್ನು ಮಿಲ್ಲಿಗೆ ಕಳಿಸಿ ನೂಲು ತರಿಸುತ್ತೇವೆ. ಕಾಲುಚೀಲ, ಶಾಲು, ನೂಲಿನ ಉಂಡೆಗಳನ್ನು ಶನಿವಾರದ ಸಂತೆಯಲ್ಲಿ ಮೇಜು ಹಾಕಿ ಮಾರುತ್ತೇನೆ. ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಹಿಕ್ಕೆ ಗೊಬ್ಬರದ ಚೀಲ. ಗುಲಾಬಿ ಬೆಳೆಸುವ ಮುದುಕರು ಸಾಲು ನಿಲ್ಲುತ್ತಾರೆ. ಶಾಲಿನ ಚೀಟಿಯ ಮೇಲೆ ಯಾವ ಅಲ್ಪಾಕಾದ ಉಣ್ಣೆ ಎಂದು ಹೆಸರು ಬರೆಯುವುದು ಮಾರ್ಗರೆಟ್ ಹಾಕಿಕೊಟ್ಟ ಪದ್ಧತಿ. ಕೊಂಡವರು ಮರುತಿಂಗಳು ಬಂದು ಬಿಸ್ಕೆಟ್ ಹೇಗಿದ್ದಾನೆ ಎಂದು ಕೇಳುತ್ತಾರೆ. ಇಲ್ಲಿನವರು ಚೌಕಾಸಿ ಮಾಡುವುದಿಲ್ಲ, ಹೇಳಿದ ಬೆಲೆ ಕೊಟ್ಟು ಥ್ಯಾಂಕ್ಯೂ ಎಂದು ಹೋಗುತ್ತಾರೆ. ಮೊದಮೊದಲು ನನಗೆ ಅದು ಸಪ್ಪೆ ಎನಿಸಿತು. ಈಲಿಂಗ್ ರೋಡಿನ ಗುಜರಾತಿ ಅಕ್ಕ ಒಬ್ಬರು ಬಂದು ಅರ್ಧ ಗಂಟೆ ಜಗ್ಗಾಡಿ ಶಾಲು ಒಯ್ದ ದಿನ ಮನಸ್ಸು ತುಂಬಿತು.

ಅಪ್ಪನಿಗೆ ವಿಷಯ ಹೇಳಿದಾಗ ಅವನು ಫೋನನ್ನು ಅವ್ವನ ಕೈಗೆ ಕೊಟ್ಟುಬಿಟ್ಟ. ಯಾವುದರಿಂದ ಬಿಡಿಸಲು ಹಿಂಡು ಮಾರಿದನೋ ಅದಕ್ಕೇ ನಾನು ಕೈ ಹಾಕಿದ್ದೆ. ಮೂರನೆಯ ದಿನ ತಾನೇ ಫೋನ್ ಮಾಡಿ, ಎಷ್ಟು ತಲೆ ಇವೆ ಎಂದು ಕೇಳಿದ. ಏಳು ಎಂದೆ. ಏಳಕ್ಕೆ ಯಾರೂ ಹಿಂಡು ಅನ್ನುವುದಿಲ್ಲ ಎಂದು ಫೋನ್ ಇಟ್ಟುಬಿಟ್ಟ. ನೀರೆರೆದ ಕಥೆಯನ್ನು ಅವ್ವನ ಬಾಯಿಂದ ಕೇಳಿಸಿಕೊಂಡನಂತೆ.

ಈ ವರ್ಷ ನನ್ನ ತಮ್ಮನ ಮದುವೆಯಾಯಿತು. ಸಿರಿಯ ಶಾಲೆಗೆ ಮೇ ಕೊನೆಯಲ್ಲಿ ಒಂದು ವಾರ ರಜೆ ಇರುತ್ತದೆಂದು, ನಮಗಾಗಿಯೇ ಆ ವಾರದ ಬುಧವಾರ ಮುಹೂರ್ತ ಇಡಿಸಿದ್ದರು. ಟಿಕೆಟ್ ತೆಗೆಸಿದ ಮೇಲೆ ಕೀತ್ ಫೋನ್ ಮಾಡಿದ. ಅದೇ ಬುಧವಾರ, ಬೆಳಿಗ್ಗೆ ಎಂಟಕ್ಕೆ. ಬೇರೆ ದಿನ ಬೇಡಿದೆ. ಐದು ವಾರ ಕಾಯಬೇಕು ಎಂದ. ಬಸವರಾಜ ಆಸ್ಪತ್ರೆಯಲ್ಲಿ ಎಂಥ ಗಾಯಕ್ಕೂ ಹೆದರದವರು, ಅಲ್ಪಾಕಾ ಕಿವಿ ಹಿಂದೆ ಮಾಡಿದರೆ ಸಾಕು, ಗೇಟು ಹಾರುತ್ತಾರೆ. ಮದುಮಗನ ಅಕ್ಕನಾಗಿ ಕಳಸ ಹಿಡಿಯಬೇಕಾದವಳು ನಾನು. ಗಂಡನನ್ನೂ ಮಗಳನ್ನೂ ಕಳಿಸಿ ನಾನು ಉಳಿದೆ. ತಮ್ಮ ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ನನ್ನ ಮೇಲೆ ನನಗೇ ಕೋಪ ಬಂದಿತ್ತು.

ಬುಧವಾರ ಫೋನನ್ನು ಬಕೆಟ್ಟಿಗೆ ಒರಗಿಸಿಟ್ಟು ಬಿಸ್ಕೆಟ್‌ನ ತಲೆ ಹಿಡಿದು ಕೂತಿದ್ದೆ. ಅಲ್ಲಿ ಆಗಲೇ ಮಧ್ಯಾಹ್ನ. ಪರದೆಯ ಮೇಲೆ ಮೊದಲು ಕಾಣಿಸಿದ್ದು ನನ್ನ ಇಳಕಲ್ ಸೀರೆಯನ್ನು ಮಡಚಿ ಉಟ್ಟು ಕಳಸ ಹಿಡಿದು ನಿಂತ ಸಿರಿ. ಆಮೇಲೆ ಅಪ್ಪನ ಮುಖ ತೀರ ಹತ್ತಿರ ಬಂತು.

"ಈ ಸಲ ಒಣಗ್ಯಾವಿಲ್ಲೋ?"

"ಒಣಗ್ಯಾವಪ್ಪ."

"ಅಳಬ್ಯಾಡ ಯವ್ವಾ. ಕುರಿ ಕಟ್ಟಿಕೊಂಡವ್ರಿಗೆ ಮನಿ ಲಗ್ನ ಸಿಗೂದಿಲ್ಲ. ನಿನ್ನ ತೊಟ್ಟಲದಾಗ ಹಾಕಿದ ದಿನ ನಾ ಹೊಳಿ ಆಚಿ ಕುರಿ ಹಿಂದ ಇದ್ದೆ. ನಿನ್ನ ಹೆಸರು ಏನಿಟ್ಟಾರ ಅನ್ನೂದು ನನಗ ಹದಿನೈದು ದಿನದ ಮ್ಯಾಲೆ ಗೊತ್ತಾತು."

ಇದನ್ನು ಅವನು ನನಗೆ ಯಾವತ್ತೂ ಹೇಳಿರಲಿಲ್ಲ. ಅಷ್ಟರಲ್ಲಿ ವಾದ್ಯ ಜೋರಾಯಿತು, ಅಕ್ಷತೆಯ ಹೊತ್ತಾಯಿತೆಂದು ಫೋನನ್ನು ತಮ್ಮನ ಕಡೆ ತಿರುಗಿಸಿದ. ಏನು ನಡೆದಿದೆ ಎಂದು ತಿಳಿಯದಿದ್ದರೂ ಕೀತ್ ಮೆಷಿನ್ ನಿಲ್ಲಿಸಿ ಟೋಪಿ ತೆಗೆದ. ನಾನು ಒಂದು ಕೈಯಲ್ಲಿ ಬಿಸ್ಕೆಟ್‌ನ ತಲೆಯನ್ನು ಬಿಡದೆ ಇನ್ನೊಂದು ಕೈಯಿಂದ ಪಕ್ಕದಲ್ಲಿ ಬಿದ್ದಿದ್ದ ಉಣ್ಣೆಯ ಚೂರುಗಳನ್ನು ಬಾಚಿಕೊಂಡು, ಎಲ್ಲರ ಜೊತೆಗೆ ತಮ್ಮನ ಮೇಲೆ ಹಾಕಿದೆ.