ಹತ್ತು ಮಕ್ಕಳ ಬಾಟಲಿ

ನಮ್ಮ ಕಿರಿಮಗಳು ಪೊರಕೆ ಕಟ್ಟುತ್ತಾಳೆ, ನಿಮಗೆ ಗೊತ್ತಲ್ಲ. ಅವಳು ಕಟ್ಟಿದ ಪೊರಕೆಯಿಂದ ವರ್ಷವಾದರೂ ಒಂದು ಕಡ್ಡಿ ಉದುರುವುದಿಲ್ಲ. ಹೀಗೆ ಬಿಗಿದರೆ ಇನ್ನೊಂದನ್ನು ಯಾರು ಕೊಳ್ಳುತ್ತಾರೆ ಎಂದು ಅಳಿಯ ರೇಗಿಸುತ್ತಿದ್ದ. ಅದಿರಲಿ, ನಾನು ಹೇಳಹೊರಟದ್ದು ಅವಳ ಕೂಸಿನ ವಿಷಯ. ಒಂಬತ್ತು ತಿಂಗಳು ತುಂಬಿತ್ತು, ನನ್ನ ಕನ್ನಡಕ ಕಂಡರೆ ಸಾಕು, ಕೈ ಹಾಕುತ್ತಿತ್ತು.

ಅದಕ್ಕೆ ದಡಾರದ ಸೂಜಿ ಹಾಕಿಸಬೇಕಿತ್ತು. ಆಸ್ಪತ್ರೆ ಗುಡ್ಡದಾಚೆ, ಬೆಳಿಗ್ಗೆ ಹೊರಟರೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ನರ್ಸಮ್ಮ ಕೆಟ್ಟವಳಲ್ಲ, ಕೂಸಿನ ಕೆನ್ನೆ ಹಿಂಡಿ ಮಾತಾಡಿಸಿದಳಂತೆ. ಆದರೆ ಒಂದು ಬಾಟಲಿಯಲ್ಲಿ ಹತ್ತು ಮಕ್ಕಳ ಔಷಧಿ. ಬಿಚ್ಚಿದರೆ ಅವತ್ತೇ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು, ಚೆಲ್ಲಿದ್ದಕ್ಕೆ ಮೇಲಿನವರಿಗೆ ಉತ್ತರ ಕೊಡಬೇಕು. ಹತ್ತು ಮಕ್ಕಳಾದಾಗ ಬಾ ಎಂದು ಕಳಿಸಿದಳು.

ನಮ್ಮವಳು ಸುಮ್ಮನಿರುವ ಪೈಕಿಯಲ್ಲ. ಮನೆಮನೆಗೆ ಹೋಗಿ ತಾಯಂದಿರ ತಲೆ ತಿಂದಳು. ಬಟ್ಟೆ ಹೊಲಿಯುವವಳಂತೂ, "ಸೂಜಿ ಚುಚ್ಚಿಸೋಕೆ ಗುಡ್ಡ ಹತ್ತಬೇಕಾ? ನನ್ನ ಹತ್ರಾನೇ ಡಬ್ಬಿ ತುಂಬ ಇವೆ" ಎಂದಳಂತೆ. ಅವಳನ್ನೂ ಬಿಡಲಿಲ್ಲ.

ಮುಂದಿನ ತಿಂಗಳು ಹೊಲಿಯುವವಳ ಕೂಸೂ ನಮ್ಮ ಕೂಸೂ ಸೇರಿ ಹತ್ತು ಮಕ್ಕಳು ಹೊರಟವು. ಯಾರಾದರೂ ಅರ್ಧ ದಾರಿಯಲ್ಲಿ ವಾಪಸಾದಾರು ಎಂದು ನಮ್ಮವಳು ಎಲ್ಲರ ಹಿಂದೆ ನಡೆದಳು, ಆಸ್ಪತ್ರೆಯಲ್ಲೂ ಸಾಲಿನ ಕೊನೆಗೇ ನಿಂತಳು. ಅಲ್ಲಿ ಆಗಲೇ ಬೇರೆ ಊರಿನವಳೊಬ್ಬಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮ್ಮವಳ ಸರದಿ ಬರುವಷ್ಟರಲ್ಲಿ ಬಾಟಲಿ ಖಾಲಿ.

"ಒಂದು ಮಗುಗೆ ಅಂತ ಇನ್ನೊಂದು ಬಿಚ್ಚೋಕಾಗಲ್ಲ ಕಣಮ್ಮ. ಮುಂದಿನ ತಿಂಗಳು ಬಾ, ನಿನ್ನ ಮಗುಗೇ ಮೊದಲು ಹಾಕ್ತೀನಿ."

ಆ ಮುಂದಿನ ತಿಂಗಳಿಗೆ ಮೊದಲೇ ದಡಾರ ಬಂತು. ಮೈತುಂಬ ಕೆಂಪು, ಎದೆಯಲ್ಲಿ ಗೊರಗೊರ. ಅಳಿಯ ಕೂಸನ್ನು ಅವಚಿಕೊಂಡು ಗುಡ್ಡದ ದಾರಿಯಲ್ಲಿ ಓಡಿದ. ನೆತ್ತಿ ತಲುಪಿದಾಗ ನನ್ನ ಮಗಳು ಅದರ ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಇನ್ನು ಓಡಬೇಡಿ ಎಂದಳಂತೆ.

ಮಿಕ್ಕ ಮಕ್ಕಳು ಈಗ ಓಣಿಯಲ್ಲಿ ತಪ್ಪುಹೆಜ್ಜೆ ಇಡುತ್ತಿವೆ. ಎರಡನೆಯ ಸೂಜಿಯ ಕಾಲ ಬಂದಿದೆ. ಮೊನ್ನೆ ಹೊಲಿಯುವವಳು ಬಂದು ಬಾಗಿಲಲ್ಲಿ ನಿಂತಳು, ನೆಲ ನೋಡುತ್ತ ಹೇಳಿದಳು:

"ಅಕ್ಕಾ, ಒಂಬತ್ತೇ ಆಗ್ತವೆ."

ಮಗಳು ಕಡ್ಡಿ ಜೋಡಿಸುತ್ತಲೇ ಇದ್ದಳು.

"ಕೆರೆ ಹತ್ರ ಇಟ್ಟಿಗೆ ಸುಡೋರ ಮನೇಲಿ ಒಂದು ಕೂಸಿದೆ. ಕೇಳಿ ನೋಡು."

ನಾನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ಮಗಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.